ನಾಲ್ಕನೇ ಕೀಲಿ ಇಲ್ಲದ ಬೀಗ

ಕಂಪ್ಯೂಟರಿಗೆ ಒಂದು ಬೀಗ ಆರಿಸುವುದಕ್ಕೆ ನಮ್ಮ ಮೂರು ಮನೆಗಳಿಗೆ ಇಡೀ ಒಂದು ಬೇಸಿಗೆ ಹಿಡಿಯಿತು. ಹೆಣ್ಣು ನೋಡಿ ಮದುವೆ ಗೊತ್ತು ಮಾಡುವುದಕ್ಕೂ ನಮ್ಮಲ್ಲಿ ಅಷ್ಟು ಕಾಲ ಬೇಕಾಗುವುದಿಲ್ಲ. ಆಗ ನನಗೆ ಸಿಟ್ಟು ನೆತ್ತಿಗೇರಿತ್ತು. ಯಾವುದಾದರೂ ಒಂದನ್ನು ಹಾಕಿ ಮುಗಿಸೋಣ ಅಂದರೆ ಕೇಳುವವರಿಲ್ಲ. ಈಗ ಆ ಬೀಗದ ಮುಂದೆ ಕೂತಾಗಲೆಲ್ಲ ಅನಿಸುತ್ತದೆ, ನಾವು ಅಷ್ಟು ಚೆನ್ನಾಗಿ ಆರಿಸಬಾರದಿತ್ತು.

ನಾನು ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಲೆಕ್ಕ ನೋಡುವವನು. ದಿನವಿಡೀ ಕಂಪ್ಯೂಟರಿನ ಮುಂದೆ ಕೂರುತ್ತೇನೆ ಎಂಬ ಒಂದೇ ಕಾರಣಕ್ಕೆ ನಮ್ಮವರ ಕಣ್ಣಿಗೆ ನಾನು ಕಂಪ್ಯೂಟರ್ ಬಲ್ಲವನು. ನನಗೆ ಬರುವುದು ಕೂಡುವುದು, ಕಳೆಯುವುದು, ತಿಂಗಳಿಗೊಮ್ಮೆ ಜಿಎಸ್‌ಟಿ ತುಂಬುವುದು. ಇದನ್ನು ಎಷ್ಟು ಸಲ ಹೇಳಿದರೂ ಯಾರೂ ನಂಬುವುದಿಲ್ಲ. ಬಸ್ಸಿನಲ್ಲಿ ದಿನಾ ಕೂರುವವನಿಗೆ ಬಸ್ ರಿಪೇರಿ ಬರುತ್ತದೆ ಎಂದು ನಂಬಿದ ಜನ ನಮ್ಮವರು.

ನಮ್ಮ ದೇವರು ಕಲ್ಲಾಗಿ ಗುಡಿಯಲ್ಲಿ ಕೂತ ದೇವರಲ್ಲ. ಪೆಟ್ಟಿಗೆಯಲ್ಲಿರುವ ದೇವರು. ದೇವಸಮುದ್ರದ ಕಡೆ ನಮ್ಮ ಹಟ್ಟಿಯಲ್ಲಿ, ಮುಳ್ಳುಬೇಲಿಯೊಳಗಿನ ಗುಡಿಸಲಿನಲ್ಲಿ, ಆ ಮರದ ಪೆಟ್ಟಿಗೆ ಇದೆ. ಅದಕ್ಕೆ ಮೂರು ಬೀಗ. ಮೂರು ಮನೆಗಳಿಗೆ ಒಂದೊಂದು ಕೀಲಿ. ಆ ಮನೆಯ ಹಿರಿಯ ಗಂಡಸು ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡಿರಬೇಕು, ಮೈ ತೊಳೆಯುವಾಗಲೂ ಬಿಚ್ಚಬಾರದು. ಹಬ್ಬದ ದಿನ ಒಬ್ಬ ತನ್ನ ಬೀಗ ತೆಗೆಯುವಾಗ ಉಳಿದ ಇಬ್ಬರು ಮುಖ ತಿರುಗಿಸಿ ನಿಲ್ಲಬೇಕು. ಕೀಲಿ ಮುಂದಿನವನ ಕೈಗೆ ಹೋಗುವುದು ಹಿರಿಯ ಹಾಸಿಗೆ ಹಿಡಿದ ಮೇಲೆಯೇ. ಅದಕ್ಕೆ ಮೊದಲು ಕೀಲಿಯ ಮಾತೆತ್ತಿದರೆ ಯಾವಾಗ ಸಾಯುತ್ತೀಯ ಎಂದು ಕೇಳಿದ ಹಾಗೆ.

ಅಪ್ಪ ಹೋದ ಮೇಲೆ ಒಂದು ಕೀಲಿ ನನಗೆ ಬಂತು. ಇನ್ನೊಂದು ಬಿ.ಜಿ. ಕೆರೆಯಲ್ಲಿರುವ ನನ್ನ ದೊಡ್ಡಪ್ಪನ ಮಗನ ಹತ್ತಿರ ಇದೆ. ಅವನನ್ನು ನಾನು ಅಣ್ಣ ಎನ್ನುತ್ತೇನೆ. ಕುರಿ ಸಾಕುತ್ತಾನೆ, ಎಲ್ಲರ ಮೇಲೂ ಅನುಮಾನ ಪಡುತ್ತಾನೆ. ಮೂರನೆಯದು ಹಟ್ಟಿಯಲ್ಲೇ ಇರುವ ಚಿಗಪ್ಪನ ಹತ್ತಿರ. ನಮ್ಮ ಅಪ್ಪನ ಕೊನೆಯ ತಮ್ಮ.

ಪೆಟ್ಟಿಗೆ ತೆರೆದ ದಿನ ಅದರ ಮುಂದೆ ಕೂತು ಹಾಡುವ ಹಾಡೊಂದಿದೆ. ನಮ್ಮವರು ದನ ಹೊಡೆದುಕೊಂಡು ಎಲ್ಲಿಂದ ಬಂದರು, ಯಾವ ಹಳ್ಳದಲ್ಲಿ ಯಾರನ್ನು ಮಣ್ಣು ಮಾಡಿದರು, ಯಾರು ಕೈ ಕೊಟ್ಟರು, ಎಲ್ಲ ಅದರಲ್ಲಿದೆ. ಅರ್ಧ ಕನ್ನಡ, ಅರ್ಧ ತೆಲುಗು. ಹೊರಗಿನವರ ಕಿವಿಗೆ ಬೀಳಬಾರದ ಹಾಡು. ಅದನ್ನು ಪೂರ್ತಿ ಬಲ್ಲವರು ಚಿಗಪ್ಪ ಒಬ್ಬರೇ. ಅವರ ಜೊತೆ ಹಾಡುತ್ತಿದ್ದ ಜೋಡಿ ತೀರಿಹೋಗಿದ್ದರು. ಹಿಂದೆ ಕೂರುವವರಿಗೆ ಸಾಲಿನ ಕೊನೆಗೆ ಎಳೆಯುವ ಸೊಲ್ಲು ಮಾತ್ರ ಬರುತ್ತಿತ್ತು. ಚಿಗಪ್ಪನ ಧ್ವನಿ ದೊಡ್ಡದು, ಸ್ವಲ್ಪ ಒಡಕು. ಮಾತಾಡುವಾಗ ಆ ಒಡಕು ಕೇಳಿಸುತ್ತಿತ್ತು, ಹಾಡುವಾಗ ಎಲ್ಲಿಗೆ ಹೋಗುತ್ತಿತ್ತೋ.

ಒಂದು ದಿನ ಅವರು ಬಸ್ ಹತ್ತಿ ಚಳ್ಳಕೆರೆಗೆ ಬಂದರು. ನಮ್ಮ ಮನೆಯಲ್ಲಿ ಕೂತು ಚಾ ಕುಡಿದು, ಬಸಿಯನ್ನು ಕೆಳಗಿಟ್ಟು ಹೇಳಿದರು, "ನಾನು ಹೋದ್ರೆ ಇದೂ ಹೋಗ್ತೈತೆ ಕಣಪ್ಪ. ನಿನ್ನ ಮಿಷನ್ನಾಗೆ ಹಾಡ್ತೀನಿ, ಇಟ್ಕ. ಆದ್ರೆ ಪೆಟ್ಟಿಗೆಗೆ ಹೆಂಗೆ ಬೀಗ ಐತೋ ಅದಕ್ಕೂ ಹಂಗೇ ಇರ್ಬೇಕು. ಮೂರು ಜನ ಕೂಡಿದ್ರೇ ತೆರೀಬೇಕು. ಫೋನ್ನಾಗೆ ಹಿಡಿಯೋದು ಬ್ಯಾಡ. ಫೋನ್ನಾಗಿರೋದು ಊರಿಗೆಲ್ಲ ಹೋಗ್ತೈತೆ."

ಹಳೆಯ ಲ್ಯಾಪ್‌ಟಾಪ್ ಒಂದು ನನ್ನ ಹತ್ತಿರ ಇತ್ತು. ಪಾಸ್‌ವರ್ಡ್ ಇಟ್ಟರೆ ಆಯಿತಲ್ಲ ಎಂದುಕೊಂಡು, ಬಸ್ ಸ್ಟ್ಯಾಂಡಿನ ಹಿಂದಿರುವ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವರನ್ನು ನಾವೆಲ್ಲ ಭಾಯ್ ಎನ್ನುತ್ತೇವೆ. ಅವರ ಅಬ್ಬಾ ಅದೇ ಅಂಗಡಿಯಲ್ಲಿ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದವರು. ಭಾಯ್ ನನ್ನ ಮಾತು ಕೇಳಿ ನಕ್ಕರು.

"ಅರೆ ಸಾರ್, ಆ ಪಾಸ್‌ವರ್ಡ್ ಬಾಗಲಿಗೆ ಹಾಕಿದ ಚಿಲಕ. ಡಿಸ್ಕ್ ಬಿಚ್ಚಿ ಬ್ಯಾರೆ ಕಂಪ್ಯೂಟರಿಗೆ ಹಾಕಿದ್ರೆ ಎಲ್ಲಾ ಕಾಣ್ತೈತೆ. ನಿಮಗೆ ಬೇಕಾಗಿರೋದು ಎನ್‌ಕ್ರಿಪ್ಷನ್. ಡಿಸ್ಕಿನಾಗೆ ಇರೋದನ್ನೆಲ್ಲ ರಾಗಿ ಬೀಸ್ದಂಗೆ ಹಿಟ್ಟು ಮಾಡಿ ಇಡ್ತೈತೆ. ಪಾಸ್‌ವರ್ಡ್ ಹಾಕಿದ್ರೆ ಮಾತ್ರ ಹಿಟ್ಟು ಮತ್ತೆ ಕಾಳಾಗ್ತೈತೆ. ಇಲ್ಲಾಂದ್ರೆ ಖತಂ, ಹಿಟ್ಟು ಹಿಟ್ಟೇ."

ಹೀಗೆ ಮಾಡಿಕೊಡುವ ಸಾಫ್ಟ್‌ವೇರುಗಳು ಒಂದಲ್ಲ, ಹತ್ತಾರು ಇವೆ ಎಂದು ಗೊತ್ತಾಗಿದ್ದೂ ಅಲ್ಲೇ. ನಾನು ಮನೆಗೆ ಬಂದು ಓದಲು ಶುರು ಮಾಡಿದೆ. ಓದಿದಷ್ಟೂ ತಲೆ ಕೆಟ್ಟಿತು. ಒಬ್ಬ ಇದೇ ಒಳ್ಳೆಯದು ಎಂದರೆ ಇನ್ನೊಬ್ಬ ಅದನ್ನು ಮುಟ್ಟಲೇಬೇಡಿ ಎನ್ನುತ್ತಿದ್ದ. ಕೊನೆಗೆ ಮೂರನ್ನು ಉಳಿಸಿಕೊಂಡು, ಲ್ಯಾಪ್‌ಟಾಪ್ ಬಗಲಿಗೇರಿಸಿಕೊಂಡು ಬಿ.ಜಿ. ಕೆರೆಗೆ ಹೋದೆ. ಅಣ್ಣನ ಮನೆಯ ಮುಂದೆ ಬೇವಿನ ಮರದ ಕೆಳಗೆ ಮಂಚ ಹಾಕಿದ್ದರು. ಚಿಗಪ್ಪ ಮೊದಲೇ ಬಂದು ಕೂತಿದ್ದರು.

ಮೊದಲನೆಯದು ಕಂಪ್ಯೂಟರಿನ ಜೊತೆಗೇ ಬಂದಿರುವ ಬೀಗ. ಒಂದು ಗುಂಡಿ ಒತ್ತಿದರೆ ಮುಗಿಯಿತು. ಪಾಸ್‌ವರ್ಡ್ ಮರೆತರೆ ಎಂಬ ಭಯವೂ ಇಲ್ಲ, ಉದ್ದನೆಯ ಅಂಕಿಗಳ ಒಂದು ಬದಲಿ ಕೀಲಿಯನ್ನು ಕಂಪನಿಯವರು ತಮ್ಮ ಹತ್ತಿರ ಇಟ್ಟುಕೊಂಡಿರುತ್ತಾರೆ ಎಂದೆ. ನನಗೆ ಇದೇ ಇಷ್ಟವಾಗಿತ್ತು, ಬೇಗ ಮುಗಿಯುತ್ತದಲ್ಲ ಎಂದು.

ಚಿಗಪ್ಪ ಮಂಚದಿಂದ ಅರ್ಧ ಎದ್ದರು. "ಅಂದ್ರೆ ನಾಕನೇ ಕೀಲಿ ಐತೆ ಅನ್ನು. ಎಲ್ಲೈತೆ ಅದು?"

"ಅವರ ಹತ್ರ ಇರ್ತೈತೆ ಚಿಗಪ್ಪ. ಅಮೆರಿಕದ ಕಡೆ ಎಲ್ಲೋ."

"ನಾವು ಮೂರು ಜನ ಮುಖ ತಿರುಗಿಸಿ ನಿಂತ್ಕಂಡು ಬೀಗ ತೆಗಿಯೋರು. ಮುಖಾನೇ ಕಾಣದೋನ ಹತ್ರ ಇನ್ನೊಂದು ಕೀಲಿ ಕೊಟ್ಟು ಕೂರಾನಾ? ಬ್ಯಾಡ."

ಎರಡನೆಯದು ದುಡ್ಡು ಕೊಟ್ಟು ಕೊಳ್ಳುವಂಥದ್ದು. ಭಾಯ್ ಇದನ್ನು ತುಂಬ ಹೊಗಳಿದ್ದರು, ಅವರೇ ಮಾರುತ್ತಿದ್ದರಲ್ಲ. ವರ್ಷ ವರ್ಷ ಕಟ್ಟಬೇಕು ಎಂದ ಕೂಡಲೇ ಅಣ್ಣ ಬೀಡಿ ಬಿಸಾಕಿ, "ಬಾಡಿಗೆ ಬೀಗನೇನ್ಲೇ ಇದು? ಬಾಡಿಗೆ ಕಟ್ಟದಿದ್ರೆ ನಮ್ಮ ದೇವ್ರನ್ನ ಅವ್ನು ಒಳಗಿಟ್ಕಂಡು ಕೂತ್ಕಂತಾನಾ?" ಎಂದ. ಹಾಗಾಗುವುದಿಲ್ಲ ಎಂದು ಹೇಳಲು ನನಗೂ ಧೈರ್ಯ ಇರಲಿಲ್ಲ. ಅದರ ಒಪ್ಪಂದದ ಮಾತುಗಳನ್ನು ನಾನು ಪೂರ್ತಿ ಓದಿರಲಿಲ್ಲ, ಯಾರು ಓದುತ್ತಾರೆ.

ಮೂರನೆಯದು ಬಿಟ್ಟಿ ಸಿಗುವಂಥದ್ದು. ಯಾರು ಯಾರೋ ಸೇರಿ ಮಾಡಿ ಎಲ್ಲರಿಗೂ ಕೊಟ್ಟದ್ದು. ಅಣ್ಣನಿಗೆ ಇದರ ಮೇಲೂ ಅನುಮಾನ. "ಪುಕ್ಸಟ್ಟೆ ಯಾಕೆ ಕೊಡ್ತಾರೆ?" ಎಂದ. "ಸಿಕ್ರೆ ನಂಗೂ ಇರ್ಲಿ, ನಮ್ಮಪ್ಪಂಗೂ ಇರ್ಲಿ ಅನ್ನೋ ಜಾತಿ ನಾವು. ಕೊಡೋರ ಜಾತಿ ಯಾವ್ದು?" ಅಂದ. ನಾನು ಅದರ ಎಚ್ಚರಿಕೆಯ ಸಾಲನ್ನು ಕನ್ನಡದಲ್ಲಿ ಓದಿ ಹೇಳಿದೆ. ಇಡೀ ಡಿಸ್ಕಿಗೆ ಬೀಗ ಬೀಳುತ್ತದೆ, ಬದಲಿ ಕೀಲಿ ಎಲ್ಲೂ ಇರುವುದಿಲ್ಲ, ಪಾಸ್‌ವರ್ಡ್ ಮರೆತರೆ ಮಾಡಿದವರಿಂದಲೂ ತೆರೆಯಲಾಗುವುದಿಲ್ಲ.

"ಮಾಡ್ದೋನ ಕೈಲೂ ಆಗಲ್ವಾ?" ಚಿಗಪ್ಪ ಕೇಳಿದರು.

"ಇಲ್ಲ ಚಿಗಪ್ಪ."

ಅವರ ಮುಖ ಅರಳಿತು. "ಬೀಗ ಅಂದ್ರೆ ಇದು," ಎಂದರು.

ಮರೆತರೆ ಏನು ಗತಿ ಎಂದು ಕೇಳಿದೆ. ಎಲ್ಲಾದರೂ ಬರೆದಿಡೋಣ, ಲಕೋಟೆಗೆ ಹಾಕಿ ಅರಗು ಹಚ್ಚೋಣ ಎಂದೆ. ಚಿಗಪ್ಪ ನನ್ನನ್ನು ಮಗುವನ್ನು ನೋಡುವ ಹಾಗೆ ನೋಡಿದರು. ಇಡೀ ಹಾಡು ತಲೆಯಲ್ಲಿಟ್ಟುಕೊಂಡವರಿಗೆ ಒಂದು ಪದ ಮರೆಯುತ್ತದೆಯೇ ಎಂದು ಅಣ್ಣನೂ ಹೇಳಿದ. ನನಗೂ ಅದು ಸರಿ ಎನಿಸಿತು. ಹೋಗಲಿ, ನಾವು ಮೂವರೂ ಒಬ್ಬರ ಪದವನ್ನು ಇನ್ನೊಬ್ಬರು ತಿಳಿದುಕೊಳ್ಳೋಣ ಎಂದು ಹೇಳುವ ಹಾಗಿರಲಿಲ್ಲ. ಕೀಲಿ ಕೈ ಬದಲಾಯಿಸುವುದಕ್ಕೆ ಅದರದೇ ಕಾಲ ಇದೆ.

ಹೀಗೆ ಆ ಬೇವಿನ ಮರದ ಕೆಳಗೆ ಹಲವು ಸಲ ಕೂತೆದ್ದು, ಬೇಸಿಗೆ ಮುಗಿಯುವ ಹೊತ್ತಿಗೆ ಆರಿಸಿದೆವು. ಪಾಸ್‌ವರ್ಡ್ ಒಂದೇ, ಆದರೆ ಮೂರು ತುಂಡು. ಮೊದಲ ತುಂಡು ನಾನು ಹಾಕುತ್ತೇನೆ, ಆಮೇಲೆ ಅಣ್ಣ, ಕೊನೆಗೆ ಚಿಗಪ್ಪ. ಒಬ್ಬ ಒತ್ತುವಾಗ ಇಬ್ಬರು ಬೇವಿನ ಮರದ ಕಡೆ ಮುಖ ಮಾಡಿ ನಿಂತೆವು. ಚಿಗಪ್ಪ ನಾಲ್ಕನೇ ಕ್ಲಾಸಿನವರೆಗೆ ಓದಿದವರು. ಮುಖ ತಿರುಗಿಸುವ ಮೊದಲು ಅವರು ಬಲಗೈಯ ತೋರುಬೆರಳೊಂದನ್ನೇ ಚಾಚಿದ್ದು ಕಂಡಿತು, ಆಮೇಲೆ ಒಂದೊಂದೇ ಹುಡುಕಿ ಒತ್ತುವ ಸದ್ದು ಕೇಳಿತು. ಅವು ಅಕ್ಷರವೋ ಅಂಕಿಯೋ, ದೇವರಾಣೆ ನನಗೆ ಗೊತ್ತಿಲ್ಲ. ಡಿಸ್ಕು ಪೂರ್ತಿ ಹಿಟ್ಟಾಗುವುದಕ್ಕೆ ಮಧ್ಯಾಹ್ನದಿಂದ ಸಂಜೆಯಾಯಿತು. ಚಿಗಪ್ಪ ಅಷ್ಟು ಹೊತ್ತೂ ಆ ಹಸಿರು ಪಟ್ಟಿ ಮುಂದೆ ಹೋಗುವುದನ್ನು ನೋಡುತ್ತಾ ಕೂತರು. ಮುಗಿದ ಮೇಲೆ ಕಾಯಿ ಒಡೆದು ಲ್ಯಾಪ್‌ಟಾಪಿಗೆ ಭಂಡಾರ ಹಚ್ಚಿದರು. ಅರಿಶಿನದ ಪುಡಿ ಕೀಬೋರ್ಡಿನ ಕೀಲಿಗಳ ಸಂದಿಗೆ ಹೋಯಿತು. ಮನೆಗೆ ತಂದಾಗ ನನ್ನ ಹೆಂಡತಿ, "ಇನ್ನು ಇದರಾಗೆ ಸಿನಿಮಾ ನೋಡಂಗಿಲ್ಲ ಬಿಡ್ರಿ, ದೇವರಾಗೋಯ್ತು," ಎಂದು ನಕ್ಕಳು.

ಹಾಡು ತುಂಬಿಸುವ ಕೆಲಸ ಹಲವು ಭಾನುವಾರ ನಡೆಯಿತು. ಮೂವರೂ ಹಟ್ಟಿಯಲ್ಲಿ ಸೇರುವುದು, ಮುಖ ತಿರುಗಿಸುವುದು, ಬೀಗ ತೆಗೆಯುವುದು, ಚಿಗಪ್ಪ ಹಾಡುವುದು. ಲ್ಯಾಪ್‌ಟಾಪಿಗೇ ಮೈಕು ಸಿಕ್ಕಿಸಿ ಹಿಡಿದೆ. ಬೇರೆ ಕಡೆ ಒಂದು ಪ್ರತಿಯೂ ಇಡಬಾರದೆಂದು ಮಾತಾಗಿತ್ತು, ಇಡಲಿಲ್ಲ. ಹಾಡು ಮುಗಿದ ದಿನ ಚಿಗಪ್ಪ ತಮ್ಮ ಹಾಡನ್ನು ತಾವೇ ಕೇಳಿದರು. ಜೀವಮಾನದಲ್ಲಿ ಮೊದಲ ಸಲ. ಕೇಳುತ್ತಾ ಕೇಳುತ್ತಾ ಕಣ್ಣೊರೆಸಿಕೊಂಡರು. "ನಮ್ಮಪ್ಪ ಹಾಡ್ದಂಗೇ ಐತೆ," ಎಂದರು. ಅಂದು ನನ್ನ ಬಗ್ಗೆ ನನಗೇ ಹೆಮ್ಮೆ ಎನಿಸಿತ್ತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಶ್ರಾವಣಕ್ಕೆ ಮುಂಚೆ ಒಂದು ಬೆಳಿಗ್ಗೆ ಚಿಗಪ್ಪನ ಹೆಂಡತಿ ಚಿಗವ್ವ ಫೋನ್ ಮಾಡಿದಳು. ಚಿಗವ್ವ ರಾಯದುರ್ಗದ ಕಡೆಯವಳು. ಗಾಬರಿಯಾದರೆ ಅವಳಿಗೆ ತೆಲುಗೇ ಬರುತ್ತದೆ. ದನದ ರೊಪ್ಪದಲ್ಲಿ ಚಿಗಪ್ಪ ಬಿದ್ದಿದ್ದಾರೆ ಎಂದು ಅರ್ಥವಾಗುವುದಕ್ಕೆ ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಮೊಳಕಾಲ್ಮೂರಿಗೆ, ಅಲ್ಲಿಂದ ಬಳ್ಳಾರಿಗೆ ಕರೆದುಕೊಂಡು ಹೋದೆವು. ಲಕ್ವ ಹೊಡೆದಿತ್ತು. ಜೀವ ಉಳಿಯಿತು. ಬಲಗೈ, ಬಲಗಾಲು ಹೋದವು. ಮಾತು ಹೋಯಿತು.

ಪೂರ್ತಿ ಹೋಯಿತು ಎನ್ನುವ ಹಾಗಿಲ್ಲ. ಒಂದು ಪದ ಉಳಿದುಕೊಂಡಿತು, "ಅದೇ". ನೀರು ಬೇಕಾದರೂ ಅದೇ, ಬೇಡವಾದರೂ ಅದೇ. ಚಿಗವ್ವನನ್ನು ಕರೆಯುವುದಕ್ಕೂ ಅದೇ, ಬೈಯುವುದಕ್ಕೂ ಅದೇ. ನಾವು ಆಡಿದ ಮಾತು ಅವರಿಗೆ ತಿಳಿಯುತ್ತಿತ್ತು, ಎಲ್ಲ ಅಲ್ಲದಿದ್ದರೂ ಬಹಳಷ್ಟು. ಉತ್ತರ ಬಾಯಿಗೆ ಬರುವಷ್ಟರಲ್ಲಿ ಎಲ್ಲವೂ ಆ ಒಂದೇ ಪದವಾಗುತ್ತಿತ್ತು. ಹಾಗಾದಾಗ ಅವರೇ ಬೆಚ್ಚಿ, ತಮ್ಮ ಬಾಯನ್ನು ಎಡಗೈಯಿಂದ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಅದನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ಎದ್ದು ಹೊರಗೆ ಹೋಗುತ್ತಿದ್ದೆ.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಡಾಕ್ಟರಮ್ಮ ಒಬ್ಬರಿದ್ದರು, ಚಿಕ್ಕ ವಯಸ್ಸಿನವರು. ಚಿಗಪ್ಪ ಹಾಡುವವರೆಂದು ಅಣ್ಣ ಹೇಳಿದ ಕೂಡಲೇ ಅವರ ಮುಖಕ್ಕೆ ಕಳೆ ಬಂತು. "ತಲೆಯೊಳಗೆ ಮಾತಿನ ಜಾಗ ಬೇರೆ, ಹಾಡಿನ ಜಾಗ ಬೇರೆ. ಮಾತು ಹೋದವರು ಹಾಡಿಬಿಡುತ್ತಾರೆ ಕೆಲವು ಸಲ. ಹಾಡಿನಿಂದ ಒಂದೊಂದೇ ಪದ ವಾಪಸ್ ಬರುತ್ತೆ. ಇವರೇ ಹಾಡಿದ್ದು ರೆಕಾರ್ಡ್ ಏನಾದರೂ ಇದೆಯಾ? ದಿನಾ ಕೇಳಿಸಿ, ಜೊತೆಯಲ್ಲಿ ಹಾಡಿಸಿ. ಬೇಗ ಶುರು ಮಾಡಬೇಕು, ಮೊದಲ ಕೆಲವು ತಿಂಗಳೇ ಮುಖ್ಯ," ಎಂದರು.

ನಾನೂ ಅಣ್ಣನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ರೆಕಾರ್ಡ್ ಇತ್ತು. ಅದನ್ನು ತೆರೆಯಲು ಚಿಗಪ್ಪ ಒಂದು ಪದ ಹೇಳಬೇಕಿತ್ತು. ಆ ಪದ ಅವರ ಬಾಯಿಗೆ ಬರಬೇಕಾದರೆ ರೆಕಾರ್ಡ್ ಬೇಕಿತ್ತು.

"ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ," ಎಂದ ಅಣ್ಣ. ಯಾವಾಗಲೂ ನಗುತ್ತಾ ಹೇಳುವ ಗಾದೆ ಅದು. ಅಂದು ನಗಲಿಲ್ಲ.

ಚಿಗಪ್ಪನನ್ನು ಹಟ್ಟಿಗೆ ಕರೆತಂದ ದಿನ ಚಿಗವ್ವ ಅವರ ಉಡಿದಾರದಿಂದ ಕಬ್ಬಿಣದ ಕೀಲಿ ಬಿಚ್ಚಿ ಅಣ್ಣನ ಕೈಗಿಟ್ಟಳು. ಆ ಮನೆಯಲ್ಲಿ ಗಂಡುಮಕ್ಕಳಿಲ್ಲ. ಹಾಸಿಗೆ ಹಿಡಿದವರ ಕೀಲಿ ಹೀಗೆಯೇ ಕೈ ಬದಲಾಯಿಸುವುದು. ಮಾತು ಬರದಿದ್ದರೂ, ಪ್ರಜ್ಞೆ ಇಲ್ಲದಿದ್ದರೂ, ಸೊಂಟ ಮುಟ್ಟಿದರೆ ಕೀಲಿ ಸಿಗುತ್ತದೆ. ನಮ್ಮ ಹಿರಿಯರು ಯೋಚಿಸಿಯೇ ಆ ಪದ್ಧತಿ ಮಾಡಿದ್ದರು. ನಾವು ಆ ಪದ್ಧತಿಯನ್ನೇ ಎತ್ತಿ ಕಂಪ್ಯೂಟರಿಗೆ ಹಾಕಿದಾಗ, ಈ ಕೀಲಿಯನ್ನು ಸೊಂಟದಿಂದ ಬಿಚ್ಚಲಾಗದು ಎಂಬುದು ಮೂವರಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲ.

ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಭಾಯ್ ಅಂಗಡಿಗೆ ಓಡಿದೆ. ಅವರು ಡಿಸ್ಕು ಬಿಚ್ಚಿದರು, ಬೇರೆ ಕಂಪ್ಯೂಟರಿಗೆ ಹಾಕಿದರು, ಇನ್ನೊಂದಕ್ಕೆ ಹಾಕಿದರು. ಅಂಗಡಿ ಮುಚ್ಚುವ ಹೊತ್ತಿಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸಾರ್, ಬೀಗ ಆಗಿದ್ರೆ ಒಡೀಬೋದಿತ್ತು. ಒಳಗೆ ಇರೋದೇ ಹಿಟ್ಟು. ಒಡೆದು ಏನು ಮಾಡ್ಲಿ?" ಎಂದರು. ಕಳೆದುಹೋದ ಫೈಲು ತೆಗೆದುಕೊಡುವ ದೊಡ್ಡ ಊರಿನ ಯಾರದೋ ನಂಬರ್ ಕೊಟ್ಟರು. ಫೋನ್ ಮಾಡಿದೆ. ಆ ಕಡೆಯವನು ಯಾವ ಸಾಫ್ಟ್‌ವೇರ್ ಹಾಕಿದ್ದೀರಿ ಎಂದು ಕೇಳಿದ. ಹೇಳಿದೆ.

"ಒಳ್ಳೇದನ್ನೇ ಆರಿಸಿದ್ದೀರಿ ಸಾರ್," ಎಂದ. ಮೆಚ್ಚಿಯೇ ಹೇಳಿದ. ಫೋನನ್ನು ರಸ್ತೆಗೆ ಎಸೆಯಬೇಕು ಎನಿಸಿತು.

ಆಮೇಲೆ ನಾವು ಊಹಿಸಲು ಕೂತೆವು. ಅಣ್ಣ ಸುತ್ತ ನೋಡಿ, ನನ್ನ ಕಿವಿಯ ಹತ್ತಿರ ಬಾಯಿ ತಂದು, ತನ್ನ ತುಂಡು ಏನೆಂದು ಹೇಳಿದ. ಅದು ಅವನ ನಾಯಿಯ ಹೆಸರು. ಇಂಥ ಗುಟ್ಟಿನ ಬೀಗಕ್ಕೆ ಅವನು ನಾಯಿಯ ಹೆಸರು ಇಟ್ಟಿದ್ದ. ನಕ್ಕೆ, ಅವನೂ ನಕ್ಕ. ನನ್ನದು, ಅವನದು ಸೇರಿಸಿ ಕೊನೆಗೆ ಚಿಗಪ್ಪನದೆಂದು ದೇವರ ಹೆಸರು ಹಾಕಿದೆವು. ಹೆಣ್ಣುಮಕ್ಕಳ ಹೆಸರು ಹಾಕಿದೆವು. ಎತ್ತುಗಳ ಹೆಸರು, ಚಿಗವ್ವನ ತವರೂರು, ಅವರ ಫೋನ್ ನಂಬರ್, ಹಾಡಿನ ಮೊದಲ ಪದ. ಈ ಬೀಗ ತಪ್ಪು ಎಂದು ತಕ್ಷಣ ಹೇಳುವುದೂ ಇಲ್ಲ. ಪ್ರತಿ ಸಲವೂ ಸ್ವಲ್ಪ ಹೊತ್ತು ಯೋಚಿಸುತ್ತದೆ. ಅಷ್ಟು ಹೊತ್ತೂ ನಾವು ಉಸಿರು ಬಿಗಿಹಿಡಿದು ಕೂರುತ್ತೇವೆ. ಆಮೇಲೆ ಕಪ್ಪು ಪರದೆಯ ಮೇಲೆ ಅದೇ ಇಂಗ್ಲಿಷ್ ಸಾಲು ಬರುತ್ತದೆ, ಪಾಸ್‌ವರ್ಡ್ ತಪ್ಪು.

ಚಿಗಪ್ಪನನ್ನೇ ಕೇಳಿದೆವು. ಕೇಳದೆ ಏನು ಮಾಡುವುದು? "ಅಕ್ಷರನಾ ಚಿಗಪ್ಪ, ಅಂಕಿನಾ?" ಎಂದರೆ "ಅದೇ" ಎನ್ನುತ್ತಿದ್ದರು. "ದೇವರ ಹೆಸರಾ?" "ಅದೇ." "ಊರ ಹೆಸರಾ?" "ಅದೇ, ಅದೇ." ತಲೆಯಾಡಿಸಿ ಹೇಳಿ ಎಂದರೆ ಎಲ್ಲದಕ್ಕೂ ತಲೆಯಾಡಿಸುತ್ತಿದ್ದರು. ಅಕ್ಷರಗಳನ್ನು ದೊಡ್ಡದಾಗಿ ಬರೆದು ಮುಂದಿಟ್ಟರೆ ಅವುಗಳನ್ನು ಹೊಸದೇನನ್ನೋ ನೋಡುವಂತೆ ನೋಡಿದರು. ಓದೂ ಹೋಗಿತ್ತು. ಸೊಲ್ಲು ಎಳೆಯುವವರನ್ನು ಕರೆಸಿ ಅವರಿಗೆ ಬರುವ ಎರಡು ಸಾಲನ್ನೇ ಹಾಡಿಸಿದೆವು. ಚಿಗಪ್ಪನ ತುಟಿ ಅಲುಗಿತು. ಗಂಟಲಿನಿಂದ ಏನೋ ಎಳೆಯಾಗಿ ಹೊರಟಿತು. ಮುಂದಿನ ಸಾಲಿಗಾಗಿ ಅವರು ಸೊಲ್ಲಿನವರ ಮುಖ ನೋಡಿದರು. ಮುಂದಿನ ಸಾಲು ಸೊಲ್ಲಿನವರಿಗೆ ಬರುತ್ತಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು. ಆ ಎಳೆ ಅಲ್ಲೇ ನಿಂತಿತು.

ನಾನು ಪ್ರತಿ ಭಾನುವಾರ ಹೋಗುತ್ತಿದ್ದೆ. ಒಂದೊಂದು ವಾರಕ್ಕೂ ಡಾಕ್ಟರಮ್ಮ ಹೇಳಿದ ತಿಂಗಳುಗಳು ಜಾರುತ್ತಿವೆ ಎಂಬ ಭಯ. ಹೋದ ಕೂಡಲೇ ಲ್ಯಾಪ್‌ಟಾಪ್ ತೆರೆದು ಕೇಳಲು ಶುರು ಮಾಡುತ್ತಿದ್ದೆ. ಬರಬರುತ್ತಾ ಚಿಗಪ್ಪ ನನ್ನನ್ನು ಕಂಡರೆ ಕಣ್ಣು ಮುಚ್ಚಿಕೊಳ್ಳತೊಡಗಿದರು. ಒಂದು ಸಲ ನನ್ನ ತಾಳ್ಮೆ ತಪ್ಪಿ, "ಒಂದೇ ಒಂದು ಪದ ಚಿಗಪ್ಪ, ನೆನಪು ಮಾಡ್ಕಳ್ರಿ!" ಎಂದು ದನಿ ಏರಿಸಿಬಿಟ್ಟೆ. ಚಿಗವ್ವ ಒಳಗಿನಿಂದ ಬಂದು ಲ್ಯಾಪ್‌ಟಾಪಿನ ಮುಚ್ಚಳ ಹಾಕಿದಳು.

"ಸಾಕು ನಾಯನಾ," ಎಂದಳು. "ನೀನು ಬರೋದು ನಿಮ್ಮ ಚಿಗಪ್ಪನ್ನ ಮಾತಾಡ್ಸಾಕೋ, ಆ ಡಬ್ಬಿನ ಮಾತಾಡ್ಸಾಕೋ? ನೀನು ಹೋದ ಮ್ಯಾಲೆ ರಾತ್ರೆಲ್ಲ ಗ್ವಾಡೆ ಕಡೆ ತಿರುಗಿ ಮಲಗ್ತಾರೆ. ಅನ್ನ ಮುಟ್ಟಲ್ಲ."

ಡಬ್ಬಿಯನ್ನು ಮಾತಾಡಿಸಿದರೆ ಚಿಗಪ್ಪ ಮಾತಾಡಬಹುದು ಎಂದು ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಆಡುವುದು ಸುಲಭ, ಅವರ ಹತ್ತಿರ ಇಡೀ ದಿನ ಕೂರುವವಳು ಅವಳು.

ಅದಾದ ಮೇಲೆ ಕೆಲವು ವಾರ ಬರಿಗೈಯಲ್ಲಿ ಹೋದೆ. ಹಣ್ಣು ತೆಗೆದುಕೊಂಡು ಹೋಗಿ, ಮಳೆ ಬೆಳೆ ಮಾತಾಡಿ, ಅವರ ಕಾಲಿಗೆ ಎಣ್ಣೆ ತಿಕ್ಕಿ ಬರುತ್ತಿದ್ದೆ. ಮೊದಲ ವಾರ ಚಿಗಪ್ಪ ಹಗುರವಾಗಿ ಕಂಡರು. ಎರಡನೆಯ ವಾರ ನನ್ನ ಚೀಲ ನೋಡಿದರು. ಆಮೇಲೆ ಒಂದು ದಿನ ಎಡಗೈ ಚಾಚಿ ಚೀಲವನ್ನು ಎಳೆದುಕೊಂಡು, ಒಳಗೆ ಕೈಹಾಕಿ ತಡಕಿದರು. ಬಾಳೆಹಣ್ಣು ಬಿಟ್ಟು ಏನೂ ಇರಲಿಲ್ಲ. "ಅದೇ! ಅದೇ!" ಎಂದು ನನ್ನ ಮೇಲೆ ರೇಗಿದರು. ಬಹಳ ದಿನದ ಮೇಲೆ ಅವರ ಸಿಟ್ಟು ನೋಡಿ ನನಗೆ ಖುಷಿಯಾಯಿತು. ಚ್ಛೇ, ಎಂಥ ಖುಷಿ. ಚಿಗವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಬರೋ ವಾರ ತಗಂಬಾ," ಎಂದಳು, ಸೋತ ದನಿಯಲ್ಲಿ.

ಮುಂದಿನ ಭಾನುವಾರ ತೆಗೆದುಕೊಂಡು ಹೋದೆ. ಅಣ್ಣ ಕುರಿ ಬಿಟ್ಟು ಬರಲಾಗಲಿಲ್ಲ. ನಾನೂ ಚಿಗವ್ವನೂ ಚಿಗಪ್ಪನನ್ನು ಮಂಚದ ಮೇಲೆ ಗೋಡೆಗೆ ಒರಗಿಸಿ ಕೂರಿಸಿದೆವು. ಲ್ಯಾಪ್‌ಟಾಪನ್ನು ಅವರ ತೊಡೆಯ ಮೇಲಿಟ್ಟು, ನನ್ನ ತುಂಡು, ಅಣ್ಣನ ತುಂಡು ಒತ್ತಿದೆ. ಅವರು ಎಡಗೈಯಿಂದ ತಮ್ಮ ಬಲಗೈಯ ಮಣಿಕಟ್ಟು ಹಿಡಿದು ಎತ್ತಿ, ಕೀಲಿಗಳ ಮೇಲೆ ತಂದಿಟ್ಟರು. ತೋರುಬೆರಳು ಒಳಕ್ಕೆ ಮಡಚಿಕೊಂಡಿತ್ತು. ಅದನ್ನು ಬಿಡಿಸಿ, ನೇರ ಮಾಡಿ, ಒಂದು ಕೀಲಿಯ ಮೇಲೆ ಊರಿ ಒತ್ತಿದರು. ಮತ್ತೆ ಎತ್ತಿ ಇನ್ನೊಂದರ ಮೇಲೆ ಊರಿದರು. ಹಣೆಯ ಮೇಲೆ ಬೆವರು ಬಂತು. ಆ ಬೆರಳಿಗೆ ನೆನಪಿರಬಹುದು ಎಂದು ಅವರೇ ಯೋಚಿಸಿದ್ದರು. ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ. ಬಹಳ ಹೊತ್ತಿನ ಮೇಲೆ ಕೈ ತೆಗೆದು, ಒತ್ತು ಎಂಬಂತೆ ನನ್ನ ಕಡೆ ಗದ್ದ ಆಡಿಸಿದರು.

ಒತ್ತಿದೆ. ಯಂತ್ರ ಯೋಚಿಸಿತು. ಆಮೇಲೆ ಆ ಸಾಲು ಬಂತು.

ಚಿಗಪ್ಪ ಪರದೆಯನ್ನು ನೋಡಿದರು. ಅವರಿಗೆ ಅದನ್ನು ಓದಲು ಆಗುತ್ತಿರಲಿಲ್ಲ. ನನ್ನ ಮುಖಕ್ಕೆ ಕಣ್ಣು ತಂದರು.

"ಅದೇ?" ಎಂದರು. ಅಷ್ಟು ತಿಂಗಳಲ್ಲಿ ಮೊದಲ ಸಲ ಆ ಪದ ಪ್ರಶ್ನೆಯಾಗಿ ಬಂದಿತ್ತು.

"ಅದೇ ಚಿಗಪ್ಪ," ಎಂದೆ. "ತೆರೀತು."

ಯಾಕೆ ಹಾಗೆ ಅಂದೆನೋ. ಆ ಬೆವರು ನೋಡಿ ಇಲ್ಲ ಎನ್ನಲು ನಾಲಗೆ ಏಳಲಿಲ್ಲ. ಅವರ ಮುಖದ ಅರ್ಧ ನಕ್ಕಿತು. ಎಡಗೈಯಿಂದ ಮಂಚ ತಟ್ಟಿ ಚಿಗವ್ವನನ್ನು ಕರೆದರು. ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಓಡಿ ಬಂದು, "ತೆರೀತಾ ನಾಯನಾ? ನಿಜವಾಗ್ಲೂ ತೆರೀತಾ?" ಎಂದು ನನ್ನ ತಲೆ ಸವರಿದಳು. ಅವರಿಗೆ ಚೆನ್ನಾಗಿ ಕೇಳಿಸಲೆಂದು ಹೋಗಿ ಫ್ಯಾನ್ ಆರಿಸಿದಳು. ಕೋಣೆ ನಿಶ್ಶಬ್ದವಾಯಿತು. ಚಿಗಪ್ಪ ನಿಧಾನವಾಗಿ ಬಾಗಿ, ಲ್ಯಾಪ್‌ಟಾಪಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿಕೊಂಡು ಕಾಯತೊಡಗಿದರು.